ಬಸ್ಸಿನಲ್ಲಿ ಮಗುವಿನ ಕೈಗೆ ಮೊಬೈಲ್ ಕೊಡುವುದು ತಪ್ಪೇ?

ಪ್ರಶ್ನೆ: ಮಗನಿಗೆ ಎರಡೂವರೆ ವರ್ಷ. ಕೊಪ್ಪಳದಿಂದ ರಾಯಚೂರಿನ ತವರಿಗೆ ಹೋಗುವಾಗ ಬಸ್ಸಿನಲ್ಲಿ ಹಟ ಹಿಡಿಯುತ್ತಾನೆಂದು ಮೊಬೈಲ್ ಕೊಟ್ಟರೆ ಅಕ್ಕಪಕ್ಕದವರು ಮುಖ ಸಿಂಡರಿಸುತ್ತಾರೆ. ಇದು ತಪ್ಪೇ? ಅದರಿಂದ ನಾಲ್ಕು ಮಾತಾದರೂ ಕಲಿಯುತ್ತಾನಲ್ಲವೇ?

ಉತ್ತರ: ತಪ್ಪಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದಕ್ಕಿಂತ ಚಿಕ್ಕವರಿಗೆ ಬೇಡವೆಂದಿದೆ. ಸಿಂಧನೂರು ದಾಟುವ ಹೊತ್ತಿಗೆ ಬಿಸಿಲಿಗೆ ಬಳಲಿದ ತಾಯಿ ಅರ್ಧ ಗಂಟೆ ಕಣ್ಣು ಮುಚ್ಚಿದರೆ ಯಾರ ಗಂಟೂ ಹೋಗುವುದಿಲ್ಲ. ಮುಖ ಸಿಂಡರಿಸುವವರು ಮಗುವನ್ನು ಹತ್ತು ನಿಮಿಷ ಎತ್ತಿಕೊಳ್ಳಲಿ.

ಆದರೆ ನಿಮ್ಮ ಎರಡನೆಯ ಮಾತನ್ನು ನಾನು ಒಪ್ಪಲಾರೆ. ಮೊಬೈಲ್ ನೋಡಿ ಮಗು ಮಾತು ಕಲಿಯುತ್ತದೆ ಎಂಬ ಈ ನಂಬಿಕೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಅದು ಮತ್ತೆ ತಲೆಯೆತ್ತುತ್ತದೆ. ಅಮೆರಿಕದ ಭಾಷಾ ವಿಜ್ಞಾನಿ ಪೆಟ್ರೀಷಿಯಾ ಕುಲ್ ಮತ್ತು ಅವರ ತಂಡದವರು 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳೊಂದಿಗೆ ಚೀನೀ ಭಾಷೆಯವರು 12 ಸಲ ಎದುರು ಕುಳಿತು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿದರು. ಆ ಕೂಸುಗಳು ಚೀನೀ ಭಾಷೆಯ ಧ್ವನಿಭೇದವನ್ನು ಗುರುತಿಸಿದವು. ಅದೇ ಜನ, ಅದೇ ಮಾತು, ಅಷ್ಟೇ ಸಲ. ಆದರೆ ಟಿವಿಯಲ್ಲಿ ನೋಡಿದ ಕೂಸುಗಳು ಏನೂ ಕಲಿತಿರಲಿಲ್ಲ. ಏಕೆಂದರೆ ಕೂಸು ಬೆರಳು ಚಾಚಿದ ಕಡೆಗೆ ಪರದೆ ತಿರುಗಿ ನೋಡುವುದಿಲ್ಲ, ಅದು ತೊದಲಿದಾಗ ಕಾದು ಉತ್ತರ ಕೊಡುವುದಿಲ್ಲ.

ನನ್ನ ಪಕ್ಕದ ಮನೆಯ ಹುಡುಗಿ ವಿಡಿಯೋ ನೋಡಿ ‘ರೆಡ್, ಬ್ಲೂ, ಯೆಲ್ಲೋ’ ಎಂದು ಪಟಪಟ ಹೇಳುತ್ತಿದ್ದಳು. ಅಜ್ಜಿ ಕೈಯ ಕೆಂಪು ಬಳೆ ತೋರಿಸಿ ‘ಇದು ಯಾವ ಬಣ್ಣ?’ ಎಂದಾಗ ಸುಮ್ಮನೆ ನಿಂತಳು. ಬಾಯಿಪಾಠವಾಗಿತ್ತು, ಬಣ್ಣದ ಗುರುತು ಸಿಕ್ಕಿರಲಿಲ್ಲ. ಅಜ್ಜಿ ದಿನವೂ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ‘ಕೆಂಪನೆಯದು ಕೊಡು, ಹಸಿರು ಬೇಡ’ ಎನ್ನತೊಡಗಿದ ಮೇಲೆ ಅದು ತಾನೇ ಬಂತು. ಆದ್ದರಿಂದ ಮೊಬೈಲನ್ನು ನಿಮ್ಮ ವಿಶ್ರಾಂತಿಗೆಂದೇ ಕೊಡಿ. ಪಾಠವೆಂದು ಭಾವಿಸಿದರೆ ಅರ್ಧ ಗಂಟೆ ಮೂರು ಗಂಟೆಯಾಗುತ್ತದೆ, ಕಿಟಕಿಯಾಚೆಯ ಭತ್ತದ ಗದ್ದೆ, ಎತ್ತು, ಕೊಕ್ಕರೆಗಳ ಮಾತು ನಿಂತುಹೋಗುತ್ತದೆ.

ನೀವು ಕೇಳದಿದ್ದರೂ ಇನ್ನೊಂದನ್ನು ಹೇಳಬೇಕು. ನಮ್ಮ ಕಡೆ ಬೆಂಗಳೂರಿಗೆ ಗುಳೆ ಹೋದ ಅಪ್ಪಂದಿರು ರಾತ್ರಿ ವಿಡಿಯೋ ಕರೆ ಮಾಡಿದರೆ, ಅದೂ ಮೊಬೈಲೇ ಎಂದು ಹೆದರಿ ಮಗುವನ್ನು ದೂರ ಕಳಿಸುವವರಿದ್ದಾರೆ. ಹಾಗೆ ಮಾಡಬೇಡಿ. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಮೊದಲೇ ಚಿತ್ರೀಕರಿಸಿಟ್ಟ ವಿಡಿಯೋದಿಂದ ಕಲಿಯದ ಹೊಸ ಕ್ರಿಯಾಪದಗಳನ್ನು ನೇರ ವಿಡಿಯೋ ಕರೆಯಲ್ಲಿ ಕಲಿತದ್ದು 2014ರ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಅಲ್ಲಿ ಆ ಬದಿಯಲ್ಲಿ ಕಾಯುವ ಮನುಷ್ಯನಿದ್ದಾನೆ. ಮಗು ಜಾತ್ರೆಯಲ್ಲಿ ಕೊಂಡ ಕಿನ್ನಾಳದ ಮರದ ಆನೆಯನ್ನು ಪರದೆಗೆ ಒತ್ತಿ ಹಿಡಿದರೆ ‘ಸೊಂಡಿಲು ಎಲ್ಲೈತಿ?’ ಎಂದು ಅಪ್ಪ ಕೇಳುತ್ತಾನೆ. ಮಗು ಆನೆಯನ್ನು ತಿರುಗಿಸಿ ಸೊಂಡಿಲ ಮೇಲೆ ಬೆರಳಿಡುತ್ತದೆ.