ಡಿಟಾಕ್ಸ್ ಮುಗಿಯಿತು, ನಾಳೆ ಬೆಳಗ್ಗೆ ಏನು ತಿನ್ನಬೇಕು?

ಗುಂಪು ಕಟ್ಟಿಕೊಂಡು ಡಿಟಾಕ್ಸ್ ಡಯೆಟ್, ಅಂದರೆ ದೇಹದ 'ವಿಷ' ಹೊರಹಾಕುತ್ತದೆ ಎನ್ನುವ ಪಥ್ಯ, ಮಾಡುವವರು ಈಗ ಜಾಸ್ತಿಯಾಗಿದ್ದಾರೆ. ಆಫೀಸಿನವರು ಸೇರಿ, ವ್ಯಾಯಾಮದ ಕ್ಲಾಸಿನವರು ಸೇರಿ, ಅಕ್ಕತಂಗಿಯರು ಸೇರಿ 7 ದಿನವೋ 10 ದಿನವೋ 21 ದಿನವೋ ಒಂದೇ ಪಟ್ಟಿ ಹಿಡಿದು ಊಟ ಮಾಡುತ್ತಾರೆ. ಸಕ್ಕರೆ ಇಲ್ಲ, ಹಾಲಿಲ್ಲ, ಗೋಧಿ ಇಲ್ಲ, ಕಾಫಿ ಇಲ್ಲ. ಕೆಲವು ಗುಂಪುಗಳಲ್ಲಿ ಬರೀ ಜ್ಯೂಸ್. ನಾನು ಆಹಾರ ತಜ್ಞೆ. ಇವರು ನನ್ನ ಹತ್ತಿರ ಬರುವುದು ಹೆಚ್ಚಾಗಿ ಎಲ್ಲ ಮುಗಿದು ಮೂರ್ನಾಲ್ಕು ದಿನ ಆದ ಮೇಲೆ.

"ಮೇಡಂ, 10 ದಿನ ಬಾಯಿ ಕಟ್ಟಿ 3 ಕೆಜಿ ಇಳಿಸಿದ್ದೆ. ಎರಡೇ ದಿನ ಮಾಮೂಲಿ ಊಟ ಮಾಡಿದ್ದಕ್ಕೆ 2 ಕೆಜಿ ವಾಪಸ್ ಬಂದುಬಿಟ್ಟಿದೆ." ಸ್ವಲ್ಪ ಹೆಚ್ಚುಕಡಿಮೆ ಇದೇ ಮಾತು. ಹೇಳುವಾಗ ಕೆಲವರ ಕಣ್ಣಲ್ಲಿ ನೀರು ಬರುತ್ತದೆ. ಅವರ ಪಟ್ಟಿಯನ್ನು ತರಿಸಿ ನೋಡುತ್ತೇನೆ. ಬೆಳಗ್ಗೆ 7ಕ್ಕೆ ಏನು, 11ಕ್ಕೆ ಏನು, ರಾತ್ರಿ ಎಷ್ಟು ಗಂಟೆಯೊಳಗೆ ಊಟ, ಎಲ್ಲ ಇರುತ್ತದೆ. ಕೊನೆಯ ದಿನದ ಕೆಳಗೆ 'ಅಭಿನಂದನೆಗಳು' ಅಂತ ಬರೆದಿರುತ್ತದೆ. ಅದರ ಮರುದಿನಕ್ಕೆ ಏನೂ ಇರುವುದಿಲ್ಲ. ನನ್ನ ಅನುಭವದಲ್ಲಿ ಜನ ಎಡವುವುದೇ ಅಲ್ಲಿ.

ಮೊದಲು ಆ 2 ಕೆಜಿಯ ವಿಷಯ. ಇದೊಂದು ಸರಿಯಾಗಿ ಅರ್ಥವಾದರೆ ಅರ್ಧ ಸಂಕಟ ಕಡಿಮೆಯಾಗುತ್ತದೆ. ನಮ್ಮ ದೇಹ ಪಿಷ್ಟವನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಒಂದೊಂದು ಗ್ರಾಂ ಜೊತೆಗೂ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಕಡಿಮೆ ಮಾಡಿದ ಮೊದಲ ಕೆಲವು ದಿನಗಳಲ್ಲಿ ಖರ್ಚಾಗುವುದು ಈ ದಾಸ್ತಾನು. ಅದರ ಜೊತೆ ನೀರೂ ಹೋಗುತ್ತದೆ. ಪಟ್ಟಿಯಲ್ಲಿ ಉಪ್ಪು ಕಡಿಮೆ ಇದ್ದರೆ ಇನ್ನಷ್ಟು ನೀರು ಇಳಿಯುತ್ತದೆ. ಕರುಳಿನಲ್ಲಿ ಸದಾ ಇರುವ ಆಹಾರದ ತೂಕವೂ ಕಡಿಮೆಯಾಗುತ್ತದೆ. ಎಲ್ಲ ಸೇರಿ 2 ಕೆಜಿ ಇಳಿಯುವುದು ದೊಡ್ಡ ಮಾತಲ್ಲ. ಕೊಬ್ಬೂ ಸ್ವಲ್ಪ ಕರಗಿರುತ್ತದೆ, ಆದರೆ ತಕ್ಕಡಿ ತೋರಿಸಿದಷ್ಟಲ್ಲ.

ಈಗ ಮತ್ತೆ ಅನ್ನ, ರೊಟ್ಟಿ, ಉಪ್ಪು ಶುರುವಾದಾಗ ಏನಾಗುತ್ತದೆ? ಗ್ಲೈಕೋಜನ್ ತುಂಬುತ್ತದೆ, ನೀರು ವಾಪಸ್ ಬರುತ್ತದೆ. ಇನ್ಸುಲಿನ್ ಏರುವುದರಿಂದ ಮೂತ್ರಪಿಂಡಗಳು ಉಪ್ಪಿನಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ. ಕೆಲವರಿಗೆ ಉಂಗುರ ಬಿಗಿಯಾಗುತ್ತದೆ, ಕಾಲು ಸ್ವಲ್ಪ ಊದಿಕೊಂಡಂತೆ ಅನಿಸುತ್ತದೆ. ಇದು ಕೊಬ್ಬಲ್ಲ. ಲೆಕ್ಕ ಹಾಕಿಯೇ ನೋಡಿ: ಒಂದು ಕೆಜಿ ಕೊಬ್ಬು ಸೇರಬೇಕಾದರೆ ದೇಹಕ್ಕೆ ಬೇಕಾದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ತಿನ್ನಬೇಕು. 2 ಕೆಜಿಗೆ 15,400. ಎರಡು ದಿನದಲ್ಲಿ ದಿನನಿತ್ಯದ ಊಟದ ಮೇಲೆ ಅಷ್ಟು ತಿನ್ನಲು ಯಾರಿಗೆ ಸಾಧ್ಯ? ಅದಕ್ಕೇ ನಾನು ಕೇಳಿಕೊಳ್ಳುವುದು, ಡಿಟಾಕ್ಸ್ ಮುಗಿದ ಮೇಲೆ ಎರಡು ವಾರ ತಕ್ಕಡಿ ಹತ್ತಬೇಡಿ. ಎರಡು ವಾರದ ನಂತರ ಬರುವ ತೂಕವನ್ನು ಶುರು ಮಾಡುವ ಮೊದಲಿನ ತೂಕದ ಜೊತೆ ಹೋಲಿಸಿ. ಕೊನೆಯ ದಿನದ ತೂಕದ ಜೊತೆ ಬೇಡ. ಹೃದಯದ, ಮೂತ್ರಪಿಂಡದ ತೊಂದರೆ ಇದ್ದು ದಿನವೂ ತೂಕ ನೋಡಿ ಎಂದು ವೈದ್ಯರು ಹೇಳಿದ್ದರೆ ಮಾತ್ರ ಅದನ್ನು ನಿಲ್ಲಿಸಬೇಡಿ.

ಇನ್ನು 'ವಿಷ ಹೊರಗೆ ಹೋಗುತ್ತದೆ' ಎನ್ನುವ ಮಾತು. ಬೇಡದ್ದನ್ನು ಹೊರಹಾಕುವ ಕೆಲಸ ಲಿವರ್ ಮತ್ತು ಮೂತ್ರಪಿಂಡಗಳದ್ದು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಯಾವ ಜ್ಯೂಸ್ ಕುಡಿದರೂ ಕುಡಿಯದಿದ್ದರೂ ಈ ಕೆಲಸ ನಡೆಯುತ್ತಲೇ ಇರುತ್ತದೆ. ಹಾಗಾದರೆ ಅಷ್ಟು ಜನರಿಗೆ ಮೈ ಹಗುರ ಅನಿಸಿದ್ದು ಸುಳ್ಳಾ? ಖಂಡಿತ ಸುಳ್ಳಲ್ಲ. ಅವರು ಆ ದಿನಗಳಲ್ಲಿ ಮದ್ಯ ಬಿಟ್ಟಿದ್ದರು, ರಾತ್ರಿ ಹತ್ತೂವರೆಯ ಊಟ ಬಿಟ್ಟಿದ್ದರು, ಸಿಹಿ ಪಾನೀಯ ಬಿಟ್ಟಿದ್ದರು, ತರಕಾರಿ ತಿಂದಿದ್ದರು, ಬೇಗ ಮಲಗಿದ್ದರು. ಆರಾಮ ಸಿಕ್ಕಿದ್ದು ಅದರಿಂದ. ಉಳಿಸಿಕೊಳ್ಳಬೇಕಾದ್ದೂ ಅದನ್ನೇ.

ಎರಡನೇ ದಿನದ ತಲೆನೋವಿಗೂ ವಿಷಕ್ಕೂ ಸಂಬಂಧವಿಲ್ಲ. ದಿನಾ ಕಾಫಿ, ಟೀ ಕುಡಿಯುವವರು ಥಟ್ಟನೆ ಬಿಟ್ಟರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಜೋರಾಗುತ್ತದೆ, ಕೆಲವರಿಗೆ ವಾರವಿಡೀ ಇರುತ್ತದೆ. ಕೆಫೀನ್ ಬಿಟ್ಟಿದ್ದರ ಪರಿಣಾಮ ಅಷ್ಟೇ.

ಇಲ್ಲಿ ಗುಂಪಿನ ಬಗ್ಗೆ ಒಂದು ಗಂಭೀರ ಮಾತು ಹೇಳಬೇಕು. ಗುಂಪಿನಿಂದ ಉತ್ಸಾಹ ಬರುತ್ತದೆ, ಒಬ್ಬರನ್ನು ನೋಡಿ ಒಬ್ಬರು ತರಕಾರಿ ಹೆಚ್ಚುತ್ತಾರೆ, ಒಳ್ಳೆಯದೇ. ಆದರೆ ಪಟ್ಟಿ ಎಲ್ಲರಿಗೂ ಒಂದೇ. 25ರ ಹುಡುಗಿಗೂ, ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುವ 60ರ ಹಿರಿಯರಿಗೂ ಅದೇ. ತಲೆ ಸುತ್ತುತ್ತಿದೆ, ಕೈ ನಡುಗುತ್ತಿದೆ ಎಂದು ಯಾರಾದರೂ ಬರೆದರೆ "ಅದು ವಿಷ ಹೊರಹೋಗುವ ಲಕ್ಷಣ, ತಡೆದುಕೊಳ್ಳಿ" ಎಂಬ ಉತ್ತರ ಬರುತ್ತದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿರುವ ಲಕ್ಷಣ ಇರಬಹುದು. ತಡೆದುಕೊಳ್ಳುವಂಥದ್ದಲ್ಲ, ತಕ್ಷಣ ಸಿಹಿ ಕೊಡಬೇಕಾದ್ದು. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಉಪ್ಪು, ನೀರು ಎರಡೂ ಇಳಿದಾಗ ಒತ್ತಡ ತೀರಾ ಕೆಳಗೆ ಹೋಗಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ದಿಢೀರನೆ ಹಸಿರು ಸೊಪ್ಪಿನ ಜ್ಯೂಸ್ ಶುರು ಮಾಡಿದರೆ ಅದರ ವಿಟಮಿನ್ ಕೆ ಔಷಧದ ಕೆಲಸವನ್ನು ಕುಗ್ಗಿಸುತ್ತದೆ. ವಾಪಸ್ ಮಾಮೂಲಿ ಊಟಕ್ಕೆ ಬರುವಾಗಲೂ ಇದೇ ಸಮಸ್ಯೆ ತಿರುಗುಮುರುಗಾಗಿ ಬರುತ್ತದೆ. ಡಿಟಾಕ್ಸ್ ಸಮಯದಲ್ಲಿ ಔಷಧದ ಪ್ರಮಾಣ ಬದಲಾಗಿದ್ದರೆ ಊಟ ಬದಲಾಯಿಸುವ ಮೊದಲೇ ವೈದ್ಯರಿಗೆ ತಿಳಿಸಿ. ಸುಮ್ನೆ ಹಳೆಯ ಪ್ರಮಾಣಕ್ಕೆ ನೀವೇ ಮರಳಬೇಡಿ.

ಸರಿ, ಮರಳುವುದು ಹೇಗೆ? ನೀವು ಏನು ಬಿಟ್ಟಿದ್ದಿರಿ ಎನ್ನುವುದರ ಮೇಲೆ ಅದು ನಿಂತಿದೆ.

ಸಕ್ಕರೆ, ಕರಿದ ತಿಂಡಿ, ಮದ್ಯ ಮಾತ್ರ ಬಿಟ್ಟು ಮೂರು ಹೊತ್ತೂ ಸರಿಯಾಗಿ ಊಟ ಮಾಡಿದ್ದರೆ ವಿಶೇಷ ಕ್ರಮ ಏನೂ ಬೇಡ. ಹೊಟ್ಟೆಗೆ ಅದು ಹೊಸದಲ್ಲ.

ಮೂರ್ನಾಲ್ಕು ದಿನ ಬರೀ ಜ್ಯೂಸ್ ಮೇಲೆ ಇದ್ದವರು ಸ್ವಲ್ಪ ನಿಧಾನ ಮಾಡಬೇಕು. ಮೊದಲ ದಿನ ಮೂರು ದೊಡ್ಡ ಊಟದ ಬದಲು ಐದು ಚಿಕ್ಕ ಊಟ ಇರಲಿ. ಮೆತ್ತಗೆ ಬೇಯಿಸಿದ ಧಾನ್ಯ, ಬೆಂದ ತರಕಾರಿ, ಜೊತೆಗೆ ಪ್ರೋಟೀನ್: ಬೇಳೆಯೋ ಮೊಟ್ಟೆಯೋ ಮೊಸರೋ, ನಿಮಗೆ ಒಗ್ಗುವುದು. ಜ್ಯೂಸ್ ಡಯೆಟ್‌ನಲ್ಲಿ ಪ್ರೋಟೀನ್ ಬಹಳ ಕಡಿಮೆ, ಹಾಗಾಗಿ ದೇಹ ಸ್ನಾಯುವನ್ನು ಸ್ವಲ್ಪ ಕರಗಿಸಿಕೊಂಡಿರುತ್ತದೆ. ಕಾಳು, ಹಸಿ ತರಕಾರಿಯ ದೊಡ್ಡ ತಟ್ಟೆ ಮೊದಲ ದಿನವೇ ಬೇಡ. ನಾರು ಕಡಿಮೆ ಸಿಕ್ಕ ಕರುಳಿಗೆ ಒಮ್ಮೆಲೇ ಅಷ್ಟು ಹಾಕಿದರೆ ಗ್ಯಾಸ್, ಹೊಟ್ಟೆ ಉಬ್ಬರ ಗ್ಯಾರಂಟಿ. ಎರಡನೇ, ಮೂರನೇ ದಿನಕ್ಕೆ ಪ್ರಮಾಣ ಹೆಚ್ಚಿಸಿ, ನಾಲ್ಕನೇ ದಿನದ ಹೊತ್ತಿಗೆ ನಿಮ್ಮ ಎಂದಿನ ತಟ್ಟೆಗೆ ಬನ್ನಿ.

ಮೂರನೆಯ ಗುಂಪಿನವರ ಬಗ್ಗೆ ನನಗೆ ಹೆಚ್ಚು ಚಿಂತೆ. ನೀರು, ನಿಂಬೆರಸದ ಮೇಲೆ 5 ದಿನಕ್ಕಿಂತ ಜಾಸ್ತಿ ಕಳೆದವರು. ಇವರು ಮನೆಯಲ್ಲಿ ತಾವೇ ಹಬ್ಬದೂಟ ಶುರು ಮಾಡುವಂತಿಲ್ಲ. ಬಹಳ ದಿನದ ನಂತರ ಪಿಷ್ಟ ಹೊಟ್ಟೆಗೆ ಬಿದ್ದಾಗ ಇನ್ಸುಲಿನ್ ಏರುತ್ತದೆ. ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ಹೋಗಿಬಿಡುತ್ತವೆ. ರಕ್ತದಲ್ಲಿ ಅವು ತೀರಾ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ. 5 ದಿನಕ್ಕಿಂತ ಜಾಸ್ತಿ ಹೆಚ್ಚುಕಡಿಮೆ ಏನೂ ತಿನ್ನದವರಿಗೆ ಮೊದಲ 2 ದಿನ ಅಗತ್ಯದ ಅರ್ಧಕ್ಕಿಂತ ಹೆಚ್ಚು ಆಹಾರ ಕೊಡಬಾರದು ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ನೈಸ್ (NICE) ಸಂಸ್ಥೆ ಹೇಳುತ್ತದೆ. ತೆಳ್ಳಗಿರುವವರು, ಮದ್ಯದ ಅಭ್ಯಾಸ ಇರುವವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯ ಇನ್ನೂ ಜಾಸ್ತಿ. ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಗೊಂದಲ, ಕೈಕಾಲು ತೀರಾ ಸೋಲುವುದು, ಇದರಲ್ಲಿ ಯಾವುದೇ ಕಂಡರೂ ಆಸ್ಪತ್ರೆಗೆ ಹೋಗಿ. ನಿಮ್ಮ ಪಟ್ಟಿ ಇಂಥದ್ದಾಗಿದ್ದರೆ, ಮರಳುವ ಮೊದಲೇ ವೈದ್ಯರನ್ನು ಕಂಡು ರಕ್ತ ಪರೀಕ್ಷೆ ಮಾಡಿಸಿ.

ಹಾಲು, ಗೋಧಿ, ಸೋಯಾ, ಮೊಟ್ಟೆ ಎಂದು ಹಲವನ್ನು ಒಟ್ಟಿಗೆ ಬಿಟ್ಟವರಿಗೆ ಮರಳುವ ದಾರಿಯಲ್ಲಿ ಒಂದು ಒಳ್ಳೆಯ ಅವಕಾಶ ಇದೆ. ಆದರೆ ಬಹಳಷ್ಟು ಗುಂಪುಗಳು ಅದನ್ನು ಕೊನೆಯ ದಿನದ ಪಾರ್ಟಿಯಲ್ಲಿ ಕಳೆದುಕೊಳ್ಳುತ್ತವೆ. ನನ್ನ ಬಳಿ ಬಂದ ಒಬ್ಬರ ವಿಷಯ ಹೇಳುತ್ತೇನೆ. ಪಾರ್ಟಿಯಲ್ಲಿ ಚೀಸ್, ಬ್ರೆಡ್, ಐಸ್‌ಕ್ರೀಂ, ಕಾಫಿ ಎಲ್ಲ ಒಂದೇ ಸಂಜೆ ತಿಂದರು. ರಾತ್ರಿಯಿಡೀ ಹೊಟ್ಟೆನೋವು. "ನನಗೆ ಗೋಧಿ ಆಗಲ್ಲ" ಎಂದು ತೀರ್ಮಾನಿಸಿ ಮನೆಯಿಂದ ಗೋಧಿಯನ್ನೇ ಹೊರಹಾಕಿದ್ದರು. ನಾವು ಮತ್ತೆ ಮೊದಲಿನಿಂದ ಶುರು ಮಾಡಿದೆವು. ಒಂದು ಬಾರಿಗೆ ಒಂದೇ ಪದಾರ್ಥ, ಮೊದಲ ದಿನ ಸ್ವಲ್ಪ, ಎರಡನೇ ದಿನ ಎಂದಿನಷ್ಟು, ಮೂರನೇ ದಿನ ಇನ್ನೊಂದಿಷ್ಟು. ಡೈರಿಯಲ್ಲಿ ನಾಲ್ಕು ಕಾಲಂ ಮಾತ್ರ: ಏನು, ಎಷ್ಟು, ಯಾವಾಗ, ಆಮೇಲೆ ಏನಾಯಿತು. ಗೋಧಿಯ ಮೂರೂ ದಿನ ಕೊನೆಯ ಕಾಲಂ ಖಾಲಿ. ಹಾಲಿನ ಮೊದಲೆರಡು ದಿನವೂ ಒಂದು ಲೋಟದವರೆಗೆ ಖಾಲಿ. ಮೂರನೇ ದಿನ ಖಾಲಿ ಹೊಟ್ಟೆಗೆ ಎರಡು ದೊಡ್ಡ ಲೋಟ ಕುಡಿದಾಗ ತೊಂದರೆ ಕಾಣಿಸಿತು. ಹಾಲಿನ ಸಕ್ಕರೆ ಸರಿಯಾಗಿ ಜೀರ್ಣವಾಗದ ಬಹಳ ಜನರಿಗೆ ಹೀಗೇ ಇರುತ್ತದೆ. ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಒಂದು ಲೋಟ ಹಾಲು, ಊಟದ ಜೊತೆ ತೆಗೆದುಕೊಂಡರೆ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಅವರು ಈಗ ಗೋಧಿ ತಿನ್ನುತ್ತಾರೆ, ಒಂದು ಲೋಟ ಹಾಲೂ ಕುಡಿಯುತ್ತಾರೆ.

ಗೋಧಿ ನಿಜವಾಗಿಯೂ ತೊಂದರೆ ಕೊಡುತ್ತಿದೆ ಎಂದು ಅನುಮಾನ ಇದ್ದರೆ ಅದನ್ನು ಪೂರ್ತಿ ಬಿಡುವ ಮೊದಲು ಸೀಲಿಯಾಕ್ (ಗೋಧಿಯ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ರೋಗ) ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಬಿಟ್ಟ ಮೇಲೆ ಈ ಪರೀಕ್ಷೆ ರಕ್ತದಲ್ಲಿ ಹುಡುಕುವ ಪ್ರತಿಕಾಯಗಳು ಇಳಿಯುತ್ತವೆ, ರೋಗ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು. ಮೊದಲು ಯಾವುದಾದರೂ ಪದಾರ್ಥಕ್ಕೆ ಮುಖ ಊದಿಕೊಂಡು, ಉಸಿರಾಟ ಕಷ್ಟವಾದ ಅಲರ್ಜಿ ಆಗಿದ್ದರೆ ಅದನ್ನು ಮನೆಯಲ್ಲಿ ಪರೀಕ್ಷಿಸಲೇಬೇಡಿ.

ಹಸಿವಿನ ವಿಷಯಕ್ಕೆ ಬರೋಣ. "ಡಿಟಾಕ್ಸ್ ಮುಗಿದ ಮೇಲೆ ಎಷ್ಟು ತಿಂದರೂ ಸಾಕು ಅನಿಸುತ್ತಿಲ್ಲ, ನನಗೆ ನಾಲಿಗೆ ಮೇಲೆ ಹಿಡಿತವೇ ಇಲ್ಲ" ಎಂದು ಜನ ನಾಚಿಕೆಯಿಂದ ಹೇಳುತ್ತಾರೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ಅಧ್ಯಯನ ಮಾಡಿದರು. ಆ ಹುಡುಗರಿಗೆ ಹಗಲೂ ರಾತ್ರಿ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುತ್ತಿದ್ದರು, ಮುಂಗೋಪ ಬಂತು, ಮಂಕು ಕವಿಯಿತು. ಬೇಕಾದಷ್ಟು ತಿನ್ನಲು ಬಿಟ್ಟಾಗ ಹಲವರು ದಿನಕ್ಕೆ 5,000 ಕ್ಯಾಲೊರಿಗಿಂತ ಜಾಸ್ತಿ ತಿಂದರು, ಆದರೂ ಹೊಟ್ಟೆ ತುಂಬಿದ ತೃಪ್ತಿ ಬರಲಿಲ್ಲ. ಅದು ಆರು ತಿಂಗಳ ಹತ್ತಿರದ ಕೊರತೆ, 10 ದಿನಕ್ಕೆ ಅದೇ ಮಟ್ಟದಲ್ಲಿ ಆಗುವುದಿಲ್ಲ. ಆದರೆ ಊಟ ಇಳಿದ ಕೆಲವೇ ದಿನಗಳಲ್ಲಿ, ಸಾಕು ಎಂದು ಹೇಳುವ ಲೆಪ್ಟಿನ್ ಹಾರ್ಮೋನ್ ಇಳಿಯುತ್ತದೆ ಎನ್ನುವುದು ಗೊತ್ತಿರುವ ಸಂಗತಿ. ದೇಹ ತನ್ನನ್ನು ಕಾಪಾಡಿಕೊಳ್ಳುತ್ತಿದೆ.

ಇದಕ್ಕೆ ಮದ್ದು ಮತ್ತೊಂದು ಉಪವಾಸ ಅಲ್ಲ, ಹೊತ್ತು ಹೊತ್ತಿಗೆ ಊಟ. ಬೆಳಗ್ಗೆ ತಿಂಡಿ ಬಿಡಬೇಡಿ. ಪ್ರತಿ ಊಟದಲ್ಲೂ ಪ್ರೋಟೀನ್ ಇರಲಿ. ಇಷ್ಟವಾದ ಸಿಹಿಯನ್ನು ಒಬ್ಬರೇ ಕದ್ದು ತಿನ್ನುವ ಬದಲು ಎಲ್ಲರ ಜೊತೆ ಕೂತು ಊಟದ ಕೊನೆಯಲ್ಲಿ ತಿನ್ನಿ. "ಒಂದು ತುಂಡು ತಿಂದಾಯಿತಲ್ಲ, ಇವತ್ತು ಕೆಟ್ಟುಹೋಯಿತು, ಪೂರ್ತಿ ತಿಂದುಬಿಡೋಣ" ಎನ್ನುವ ಯೋಚನೆ ಬಂದರೆ, ಅದು ಡಯೆಟ್ ಮಾಡುವವರಲ್ಲಿ ಬಹಳ ಸಾಮಾನ್ಯ ಎಂದು ತಿಳಿದುಕೊಳ್ಳಿ. ಮುಂದಿನ ಊಟವನ್ನು ಎಂದಿನಂತೆ ಮಾಡಿದರೆ ಸಾಕು. ಆದರೆ ತಿನ್ನಲು ಭಯವಾಗುವುದು, ತಿಂದದ್ದನ್ನು ವಾಂತಿ ಮಾಡಬೇಕು ಅನಿಸುವುದು, ಮುಟ್ಟು ನಿಲ್ಲುವುದು, ಇವು ಕಂಡರೆ ಕಾಯಬೇಡಿ, ತಜ್ಞರ ಹತ್ತಿರ ಬನ್ನಿ.

ಗುಂಪು ನಡೆಸುವವರಿಗೂ ನನ್ನದೊಂದು ಕೋರಿಕೆ ಇದೆ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹದಿಹರೆಯದವರು, ಮೂತ್ರಪಿಂಡದ ತೊಂದರೆ ಇರುವವರು, ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರನ್ನು ಸೇರಿಸಿಕೊಳ್ಳಬೇಡಿ. ದಿನಾ ತೂಕದ ಫೋಟೋ ಹಾಕಿಸುವುದನ್ನು ನಿಲ್ಲಿಸಿ. ಕೊನೆಯ ದಿನ ಗುಂಪು ಮುಚ್ಚಬೇಡಿ, ಇನ್ನೆರಡು ವಾರ ನಡೆಸಿ. ಜನರಿಗೆ ಜೊತೆ ಬೇಕಾಗುವುದು ಆಗಲೇ. ಇವತ್ತು ಮನೆಯಲ್ಲಿ ಏನು ಅಡುಗೆ ಮಾಡಿದಿರಿ, ಯಾವ ಪದಾರ್ಥ ಮತ್ತೆ ಶುರು ಮಾಡಿದಿರಿ, ಹೊಟ್ಟೆ ಹೇಗಿದೆ ಎಂದು ಕೇಳಿ.

"ಮುಂದಿನ ತಿಂಗಳು ಮತ್ತೆ ಗುಂಪು ಶುರುವಾಗುತ್ತೆ, ಸೇರಲಾ ಮೇಡಂ?" ಎಂದು ಕೇಳುವವರಿಗೆ ನಾನು ಮರುಪ್ರಶ್ನೆ ಹಾಕುತ್ತೇನೆ. ಹೋದ ಸಲದ ಯಾವ ಎರಡು ಅಭ್ಯಾಸ ಇನ್ನೂ ಉಳಿದಿವೆ? ಕೆಲವರು ರಾತ್ರಿ ಬೇಗ ಊಟ ಮಾಡುತ್ತಿದ್ದೇನೆ, ಟೀಗೆ ಅರ್ಧ ಚಮಚ ಸಕ್ಕರೆ ಸಾಕಾಗಿದೆ ಎನ್ನುತ್ತಾರೆ. ಉಪ್ಪು ಕಡಿಮೆ ಮಾಡಿ ಒಂದೆರಡು ತಿಂಗಳು ಹಾಗೇ ಮುಂದುವರಿಸಿದರೆ ನಾಲಿಗೆಯೂ ಅದಕ್ಕೆ ಒಗ್ಗುತ್ತದೆ. ಅಂಥವರಿಗೆ, ಮತ್ತೆ ಸೇರುವ ಅಗತ್ಯ ಇಲ್ಲ, ಇದನ್ನೇ ಮುಂದುವರಿಸಿ ಎನ್ನುತ್ತೇನೆ. ಏನೂ ಉಳಿದಿಲ್ಲ ಎನ್ನುವವರ ಜೊತೆ ಕೂತು ಅವರ ಮನೆಯ ಅಡುಗೆ, ಕೆಲಸದ ಸಮಯ, ನಿದ್ದೆ ಎಲ್ಲ ಕೇಳಿ, ಈ ವಾರ ಬದಲಾಯಿಸಬಹುದಾದ ಒಂದೇ ಒಂದನ್ನು ಆರಿಸುತ್ತೇವೆ. ಹೆಚ್ಚಿನವರು ಆರಿಸುವುದು ರಾತ್ರಿ ಊಟದ ಸಮಯವನ್ನು.