ರಾಯಲ್ಟಿಗೆ ಗೌರವಧನ ಅನ್ನಬೇಡಿ

ಫಿಲಿಪ್ಪೀನ್ಸ್‌ನಲ್ಲಿ ಹಾಡು ಬರೆಯುವವರು ನ್ಯಾಯವಾದ ರಾಯಲ್ಟಿ, ಅಂದರೆ ತಮ್ಮ ಹಾಡು ಬಳಸಿದವರಿಂದ ಬರಬೇಕಾದ ಪಾಲು, ಕೇಳುತ್ತಿರುವ ಬಗ್ಗೆ ಕನ್ನಡದಲ್ಲಿ ಒಂದು ಬರಹ ಓದಿದೆ. ಅಲ್ಲೂ ರಾಯಲ್ಟಿಗೆ ‘ಗೌರವಧನ’ ಅಂತಲೇ ಬರೆದಿದ್ದರು. ಇದು ಎಷ್ಟನೇ ಸಲವೋ!

ಗೌರವಧನ ಯಾವುದು ಅಂತ ನಮಗೆಲ್ಲ ಗೊತ್ತು. ಭಾಷಣ ಮುಗಿಸಿದ ಅತಿಥಿಗೆ ಶಾಲು, ಹಣ್ಣಿನ ಬುಟ್ಟಿಯ ಜೊತೆ ಕೊಡುವ ಲಕೋಟೆ. ಒಳಗೆ ಎಷ್ಟಿರಬೇಕು ಅನ್ನುವುದು ಕೊಡುವವರ ಇಷ್ಟ. ಬಿಚ್ಚಿ ಎಣಿಸಿ ‘ಕಡಿಮೆ ಆಯ್ತು’ ಅನ್ನೋಕಾಗುತ್ತಾ? ಈ ಪದದ ಕಷ್ಟ ನಮ್ಮ ಅಂಗನವಾಡಿ ಕಾರ್ಯಕರ್ತೆಯರನ್ನು ಕೇಳಬೇಕು. ಎಷ್ಟು ದುಡಿದರೂ ಅವರಿಗೆ ಬರುವುದಕ್ಕೆ ಸಂಬಳ ಅನ್ನುವ ಹೆಸರಿಲ್ಲ.

ರಾಯಲ್ಟಿಯ ಹುಟ್ಟೇ ಬೇರೆ. ಇಂಗ್ಲೆಂಡಿನಲ್ಲಿ ಚಿನ್ನ, ಬೆಳ್ಳಿಯ ಗಣಿ ರಾಜನದ್ದು. ಅಗೆದವರು ಅವನ ಪಾಲು ಕಟ್ಟಬೇಕಿತ್ತು. ‘ರಾಯಲ್’ ಬಂದದ್ದು ಹಾಗೆ. ಆಮೇಲೆ ಪೇಟೆಂಟ್, ಪುಸ್ತಕ, ಹಾಡು ಎಲ್ಲಕ್ಕೂ ಅದೇ ಮಾತು ಬಳಕೆಗೆ ಬಂತು. ಅದಿರಿನ ಮೇಲೆ ನಮ್ಮ ಗಣಿ ಇಲಾಖೆ ವಸೂಲು ಮಾಡುವುದು ‘ರಾಜಧನ’. ಅದನ್ನು ಯಾರೂ ಗೌರವಧನ ಅನ್ನುವುದಿಲ್ಲ. ಕಲ್ಲಿಗೆ ಸಿಕ್ಕ ಸರಿಯಾದ ಪದ ಹಾಡಿಗೆ ಯಾಕೆ ಸಿಗಬಾರದು?

ಫಿಲಿಪ್ಪೀನ್ಸ್‌ನಲ್ಲಿ ಈ ಪಾಲನ್ನು ವಸೂಲು ಮಾಡಿ, ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ಹಂಚುವ ಸಂಘ ಫಿಲ್‌ಸ್ಕ್ಯಾಪ್. ಶುರುವಾದದ್ದು 1965ರಲ್ಲಿ. ಒಂದು ಹೋಟೆಲಿನವರು ವಾದ್ಯತಂಡ ಕೂರಿಸಿ, ಸಂಘದವರ ಹಾಡುಗಳನ್ನು ಅನುಮತಿ ಕೇಳದೆ ಹಾಡಿಸಿದರು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಿರಾಕಿ ಕಟ್ಟುವ ಊಟದ ಬಿಲ್ಲಿನಲ್ಲೇ ಹಾಡಿನ ದುಡ್ಡೂ ಸೇರಿರುತ್ತದೆ, ಹಾಗಾಗಿ ಇದು ಲಾಭಕ್ಕಾಗಿ ಹಾಡಿಸಿದ್ದೇ ಅಂತ 1987ರಲ್ಲಿ ಕೋರ್ಟ್ ಒಪ್ಪಿತು. ಎಷ್ಟು ಸರಿಯಾದ ಮಾತು! ಆದರೂ ಸಂಘ ಸೋತಿತು. ಆಗಿನ ಕಾನೂನಿನಂತೆ ಗಡುವಿನೊಳಗೆ ನೋಂದಣಿ ಆಗದ ಆ ಹಾಡುಗಳು ಎಲ್ಲರ ಸ್ವತ್ತಾಗಿಬಿಟ್ಟಿದ್ದವು. 1998ರಲ್ಲಿ ಜಾರಿಗೆ ಬಂದ ಕಾನೂನಿನಲ್ಲಿ ಈ ತೊಡಕಿಲ್ಲ. ಈಗ ಹಾಡು ಹುಟ್ಟಿದ ಕ್ಷಣದಿಂದಲೇ ಹಕ್ಕು ಬರೆದವರದ್ದು.

2022ರಲ್ಲಿ ಇನ್ನೊಂದು ತೀರ್ಪು ಬಂತು. ಈ ಸಲ ಸಂಘದ ಎದುರಿದ್ದದ್ದು ಬಾಗಿಯೊ ಊರಿನ ರೆಸ್ಟೋರೆಂಟ್‌ಗಳು. ನಾವು ರೇಡಿಯೊದಲ್ಲಿ ಬಂದದ್ದನ್ನು ಹಾಕಿದೆವು ಅಷ್ಟೇ ಅನ್ನುವುದು ಅವರ ವಾದ. ಗಿರಾಕಿಗಳಿಗೆ ಸ್ಪೀಕರ್‌ನಲ್ಲಿ ಕೇಳಿಸಿದರೆ ಅದೂ ಪ್ರದರ್ಶನವೇ, ಲೈಸೆನ್ಸ್ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು.

ಸಂಘದವರು ಕೋರ್ಟ್ ಮೆಟ್ಟಿಲು ಹತ್ತಿದ್ದು ಬಾಕಿ ವಸೂಲಿಗೆ. ಲಕೋಟೆ ಕೇಳಲು ಯಾರೂ ಅಷ್ಟು ವರ್ಷ ಅಲೆಯುವುದಿಲ್ಲ. ‘ರಾಜಧನ’ ಭಾರ ಅನಿಸಿದರೆ ಸುಮ್ನೆ ‘ರಾಯಲ್ಟಿ’ ಅಂತಲೇ ಬರೆಯಿರಿ. ‘ಹಾಡಿನ ಪಾಲು’ ಅಂದರಂತೂ ಇನ್ನೂ ಚೆನ್ನ.