ಹೊಸ ಮಂಡಿ ನಡೆದರೆ ಸವೆಯುತ್ತದೆಯೇ?

ಪ್ರಶ್ನೆ: ಅಮ್ಮನಿಗೆ ಶಿವಮೊಗ್ಗದಲ್ಲಿ ಮಂಡಿ ಆಪರೇಷನ್ ಆಗಿ ಮೂರು ವಾರ. ನಮ್ಮದು ಹೊಸನಗರದಿಂದಲೂ ಒಳಗೆ. ಫೋನಿನಲ್ಲೇ ಫಿಸಿಯೋಥೆರಪಿ ಮಾಡಿಸಿದರೆ ಸಾಕಾ? ಜಾಸ್ತಿ ನಡೆಸಿದರೆ ಹೊಸ ಮಂಡಿ ಸವೆಯೋದಿಲ್ವಾ?

ಸಾಕು. ಬೇರೆ ತೊಡಕಿಲ್ಲದವರಿಗೆ ವಿಡಿಯೋ ಕಾಲ್‌ನಲ್ಲಿ ಮಾಡಿಸಿದ ವ್ಯಾಯಾಮ ಎದುರು ನಿಂತು ಮಾಡಿಸಿದ್ದಕ್ಕಿಂತ ಕಡಿಮೆಯಲ್ಲ ಎಂದು ಅಧ್ಯಯನಗಳೇ ತೋರಿಸಿವೆ. ಫೋನನ್ನು ಮಂಡಿಯ ಎತ್ತರದಲ್ಲಿ, ಪಕ್ಕದಿಂದ ಕಾಣುವಂತೆ, ಏಳೆಂಟು ಅಡಿ ದೂರ ಇಡಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಕಾಲು ಬರೀ ಕಪ್ಪಾಗಿ ಕಾಣುತ್ತದೆ. ಮಂಡಿ ಮುಚ್ಚಿರಬಾರದು. ಸಿಗ್ನಲ್ ಇಲ್ಲದಿದ್ದರೆ ಅರ್ಧ ನಿಮಿಷದ ವಿಡಿಯೋ ಮಾಡಿಟ್ಟು, ಗುಡ್ಡ ಹತ್ತಿದಾಗ ವಾಟ್ಸಾಪ್‌ನಲ್ಲಿ ಕಳಿಸಿ. ಮೀನಖಂಡ ಊದಿ ನೋಯುವುದು, ಉಸಿರು ಸಾಲದಿರುವುದು, ಗಾಯದಲ್ಲಿ ಕೀವು, ಜ್ವರ: ಇವಕ್ಕೆ ಫೋನು ಕಾಯಬೇಡಿ, ತಕ್ಷಣ ಗಾಡಿ ಮಾಡಿ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಸವೆಯುವ ಮಾತು. ಎಷ್ಟು ಸಲ ಹೇಳಿದರೂ ಇದು ಮತ್ತೆ ಬರುತ್ತದೆ, ಮತ್ತೊಮ್ಮೆ ಹೇಳುತ್ತೇನೆ. ತೊಡೆಮೂಳೆಯ ತುದಿಗೆ ಲೋಹದ ಟೊಪ್ಪಿ, ಕೆಳಗಿನ ಮೂಳೆಯ ಮೇಲೆ ಲೋಹದ ತಟ್ಟೆ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಬಿಲ್ಲೆ. ಮುಖ್ಯವಾಗಿ ಸವೆಯುವುದು ಆ ಬಿಲ್ಲೆ, ಅದೂ ವರ್ಷಗಳ ಲೆಕ್ಕದಲ್ಲಿ. ಪೂರ್ತಿ ಬದಲಿಸಿದ 10 ಮಂಡಿಗಳಲ್ಲಿ ಸುಮಾರು ಎಂಟು ಮಂಡಿಗಳು 25 ವರ್ಷ ಬಾಳುತ್ತವೆ. ಹಾಸಿಗೆ ಹಿಡಿದರೆ ಕೆಡುವುದು ಬೇರೆಯೇ: ತೊಡೆಯ ಮುಂದಿನ ಸ್ನಾಯು ಸೊರಗುತ್ತದೆ, ಕೀಲಿನ ಸುತ್ತ ಗಾಯದ ನಾರು ಬಿಗಿದು ಮಂಡಿ ಮಡಚುವುದೇ ಇಲ್ಲ, ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಮನೆಯವರು ಪ್ರೀತಿಯಿಂದ ಮಂಡಿಯಡಿ ಇಡುವ ದಿಂಬನ್ನು ಮೊದಲು ತೆಗೆಯಿರಿ. ತಾಸುಗಟ್ಟಲೆ ಹಾಗಿದ್ದರೆ ಕಾಲು ನೆಟ್ಟಗಾಗದೆ ಕುಂಟು ಉಳಿಯುತ್ತದೆ. ಟವೆಲ್ ಸುತ್ತಿ ಹಿಮ್ಮಡಿಯಡಿ ಇಡಿ. ಮಂಡಿಯನ್ನು ಹಾಸಿಗೆಯತ್ತ ಒತ್ತಿ, 5 ಎಣಿಸಿ ಬಿಡಲಿ. 10 ಸಲ, ದಿನಕ್ಕೆ ಮೂರು ಹೊತ್ತು.

ನೋವು ಹೋದ ಮಾತ್ರಕ್ಕೆ ನಡಿಗೆ ತಾನಾಗಿ ಹೆಚ್ಚುವುದಿಲ್ಲ. ವರ್ಷಗಟ್ಟಲೆ ಕೂತು ರೂಢಿಯಾದ ದೇಹ ಕೂತೇ ಇರುತ್ತದೆ. ಅದಕ್ಕೇ ಫೋನಿನಲ್ಲಿ ಹೆಜ್ಜೆ ಎಣಿಸುವುದು. ಮೇಜಿನ ಮೇಲಿಟ್ಟ ಫೋನು ಏನನ್ನೂ ಎಣಿಸದು. ಎಲೆಅಡಿಕೆ ಸಂಚಿಯಂಥದ್ದರಲ್ಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿ. ಮೂರು ದಿನದ ಸರಾಸರಿ 800 ಇದ್ದರೆ ಮುಂದಿನ ವಾರ 1,000. ಸಂಜೆಯ ಊತ ಬೆಳಗಾದರೂ ಇಳಿಯದಿದ್ದರೆ ಹಳೆಯ ಲೆಕ್ಕಕ್ಕೇ ಬನ್ನಿ.

ನೀವು ಕೇಳದಿದ್ದರೂ ಹೇಳಲೇಬೇಕು: ಮಳೆಗಾಲದಲ್ಲಿ ಎಲ್ಲಿ ನಡೆಯುವುದು? ಹಾವಸೆ ಕಟ್ಟಿದ ಅಂಗಳ ಬೇಡ, ಹಳ್ಳ ದಾಟಲು ಹಾಕಿದ ಅಡಿಕೆ ಮರದ ಸಂಕವಂತೂ ಬೇಡವೇ ಬೇಡ. ಬಿದ್ದು ಹೊಸ ಕೀಲಿನ ಪಕ್ಕದ ಮೂಳೆ ಮುರಿದರೆ ಮತ್ತೊಂದು ದೊಡ್ಡ ಆಪರೇಷನ್ನೇ ಬೇಕಾಗಬಹುದು. 30 ಅಡಿ ಜಗಲಿಯಲ್ಲಿ ಹತ್ತು ಸಲ ಹೋಗಿ ಬಂದರೆ 600 ಅಡಿ ಆಯಿತು. ಜಗಲಿಯ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.